ಲ್ಯಾಬ್ ಕೀಲಿ ನಿಮ್ಮ ಕೈಗೆ ಬಂದರೆ: ಸಣ್ಣ ಕಾಲೇಜಿನ ಮಕ್ಕಳಿಗೆ ಕಂಪ್ಯೂಟರ್ ಸೌಲಭ್ಯ ಯೋಜಿಸುವ ಬಗೆ

ಐದು ವರ್ಷದ ಹಿಂದಿನ ಮಾತು. ಸ್ಟಾಫ್ ಮೀಟಿಂಗ್ ಮುಗಿಯುವ ಹೊತ್ತು. "ಮೇಡಂಗೆ ಟ್ಯಾಲಿ ಬರುತ್ತಲ್ಲ, ಲ್ಯಾಬ್ ಅವರಿಗೇ ಇರಲಿ ಬಿಡಿ" ಎಂದರು ಪ್ರಿನ್ಸಿಪಾಲರು. ಟ್ಯಾಲಿ ಅಂದರೆ ಲೆಕ್ಕಪತ್ರ ಇಡುವ ತಂತ್ರಾಂಶ. ಅಷ್ಟಕ್ಕೇ ಕಾಮರ್ಸ್ ಪಾಠ ಮಾಡುವ ನಾನು ಲ್ಯಾಬ್ ಇನ್‌ಚಾರ್ಜ್ ಆದೆ. ಕೀಲಿ ಗೊಂಚಲಿನ ಜೊತೆ ಸಿಕ್ಕಿದ್ದು 24 ಕಂಪ್ಯೂಟರ್, ಕರೆಂಟ್ ಹೋದ ಎರಡೇ ನಿಮಿಷಕ್ಕೆ ಕೂಗಿಕೊಂಡು ಮಲಗುವ ಯುಪಿಎಸ್, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಒಂದು ರೂಟರ್.

ನಮ್ಮದು ಬಯಲುಸೀಮೆಯ ತಾಲೂಕು ಕೇಂದ್ರದಲ್ಲಿರುವ ಸರ್ಕಾರಿ ಪದವಿ ಕಾಲೇಜು. ನಾನೂರು ಚಿಲ್ಲರೆ ಮಕ್ಕಳು. ಐಟಿ ವಿಭಾಗ ಇಲ್ಲ, ಸಿಸ್ಟಂ ಅಡ್ಮಿನ್ ಎನ್ನುವ ಹುದ್ದೆಯೂ ಇಲ್ಲ. ಇಂಥದೇ ಕಾಲೇಜಿನಲ್ಲಿ ನಿಮ್ಮ ಕೈಗೂ ಕೀಲಿ ಬಂದಿದ್ದರೆ ಇದನ್ನು ಓದಿ. ನಾನು ಏನು ಮಾಡಿದೆ, ಎಲ್ಲಿ ಎಡವಿದೆ ಎರಡನ್ನೂ ಹೇಳುತ್ತೇನೆ.

ಮೊದಲ ತಿಂಗಳೇ ಎಡವಿದೆ. ಹತ್ತು ಹೊಸ ಕಂಪ್ಯೂಟರ್‌ಗೆ ಕೊಟೇಶನ್ ತರಿಸಿದೆ. ಮಕ್ಕಳಿಗೆ ಏನು ಬೇಕು ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಕೇಳುವುದು ಹೇಗೆ

ಆಮೇಲೆ ಬುದ್ಧಿ ಬಂದು ಗೂಗಲ್ ಫಾರ್ಮ್ ಮಾಡಿ ಕ್ಲಾಸ್ ಗ್ರೂಪ್‌ಗಳಿಗೆ ಹಾಕಿದೆ. ಉತ್ತರ ಕೊಟ್ಟವರಲ್ಲಿ ಎಲ್ಲರ ಹತ್ತಿರವೂ ಸ್ಮಾರ್ಟ್‌ಫೋನ್ ಇತ್ತು! ಇರಲೇಬೇಕಲ್ಲ, ಫೋನ್ ಇಲ್ಲದವರು ಫಾರ್ಮ್ ತುಂಬುವುದಾದರೂ ಎಲ್ಲಿಂದ? ಹಾಗಾಗಿ ಸರ್ವೆಯನ್ನು ಕಾಗದದ ಮೇಲೆ ಮಾಡಿ. ಕ್ಲಾಸಿನಲ್ಲಿ ಕೂರಿಸಿ, ಹತ್ತು ನಿಮಿಷ ಕೊಟ್ಟು, ಅಲ್ಲೇ ವಾಪಸ್ ಇಸಿದುಕೊಳ್ಳಿ. ಹೆಸರು ಬರೆಯುವುದು ಬೇಡ.

ಪ್ರಶ್ನೆ ಕೇಳುವುದರಲ್ಲೂ ಒಂದು ಹದ ಇದೆ. "ನಿನ್ನ ಹತ್ತಿರ ಫೋನ್ ಇದೆಯಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ರಾತ್ರಿ ಎಂಟು ಗಂಟೆಗೆ ಫೋನ್ ಯಾರ ಕೈಯಲ್ಲಿ ಇರುತ್ತದೆ?" ಎಂದು ಕೇಳಿ ನೋಡಿ. ಅಣ್ಣನ ಹತ್ರ, ಅಪ್ಪನ ಹತ್ರ, ತಂಗಿ ಆನ್‌ಲೈನ್ ಕ್ಲಾಸಿಗೆ, ಅಮ್ಮ ಸೀರಿಯಲ್‌ಗೆ... ನಿಜ ಹೊರಗೆ ಬರುವುದು ಆಗ. ನಾನು ಕೇಳಿದ ಉಳಿದ ಪ್ರಶ್ನೆಗಳು ಇವು: ರೀಚಾರ್ಜ್ ಯಾರು ಮಾಡಿಸುತ್ತಾರೆ? ಮನೆ ಒಳಗೆ ಸಿಗ್ನಲ್ ಸಿಗುತ್ತದಾ, ಮಾಳಿಗೆ ಹತ್ತಬೇಕಾ? ಆಧಾರ್‌ಗೆ ಜೋಡಿಸಿರುವ ನಂಬರ್ ಈಗಲೂ ಚಾಲ್ತಿಯಲ್ಲಿ ಇದೆಯಾ? ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಹಾಕಿಸಿದೆ, ಎಷ್ಟು ಕೊಟ್ಟೆ? ಊರಿಗೆ ಕೊನೆ ಬಸ್ ಎಷ್ಟೊತ್ತಿಗೆ?

ಕೊನೆ ಪ್ರಶ್ನೆ ತಮಾಷೆಗೆ ಕೇಳಿದ್ದಲ್ಲ. ನಮ್ಮ ಲ್ಯಾಬ್ "ಮಕ್ಕಳ ಬಳಕೆಗೆ" ತೆರೆದಿರುತ್ತಿದ್ದದ್ದು ಸಂಜೆ ನಾಲ್ಕರಿಂದ ಐದು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಬಸ್ಸು ಮೂರೂ ಮುಕ್ಕಾಲಿಗೇ ಹೊರಟುಬಿಡುತ್ತಿತ್ತು. ಹತ್ತು ಹೊಸ ಕಂಪ್ಯೂಟರ್ ಬಂದಿದ್ದರೂ ಅವುಗಳ ಮುಂದೆ ಕೂರಲು ಮಕ್ಕಳೇ ಇರುತ್ತಿರಲಿಲ್ಲ. ಲ್ಯಾಬ್ ಸಮಯವನ್ನು ಬೆಳಗ್ಗೆ ಒಂಬತ್ತರಿಂದ ಹತ್ತಕ್ಕೆ ಮತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಬದಲಾಯಿಸಿದೆವು. ಒಂದು ಪೈಸೆ ಖರ್ಚಿಲ್ಲದೆ ಆದ ಸುಧಾರಣೆ ಇದು.

ಕ್ಯಾಲೆಂಡರ್ ಇಟ್ಟುಕೊಂಡು ಕೂರಿ

ಸಣ್ಣ ಕಾಲೇಜಿನ ಮಕ್ಕಳಿಗೆ ಕಂಪ್ಯೂಟರ್ ವರ್ಷಪೂರ್ತಿ ಒಂದೇ ಸಮ ಬೇಕಾಗುವುದಿಲ್ಲ. ಕೆಲವು ವಾರ ಜೀವ ಹೋಗುವಷ್ಟು ಬೇಕು. ಯುಯುಸಿಎಂಎಸ್ ಎನ್ನುವ ವಿಶ್ವವಿದ್ಯಾಲಯಗಳ ಪೋರ್ಟಲ್‌ನಲ್ಲಿ ಪ್ರವೇಶದ ಅರ್ಜಿ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್, ಪರೀಕ್ಷಾ ಶುಲ್ಕ, ಫಲಿತಾಂಶ, ಮರುಮೌಲ್ಯಮಾಪನ. ನಿಮ್ಮ ಯೋಜನೆಯ ಬೆನ್ನೆಲುಬು ಈ ವಾರಗಳೇ. ಹಿಂದಿನ ಎರಡು ವರ್ಷದ ಸುತ್ತೋಲೆಗಳನ್ನು ಆಫೀಸಿನಿಂದ ಕೇಳಿ ಪಡೆಯಿರಿ. ಯಾವ ಕೆಲಸ ಯಾವ ತಿಂಗಳಿಗೆ ಬೀಳುತ್ತದೆ ಅಂತ ಗೋಡೆ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಆ ವಾರಗಳಲ್ಲಿ ಲ್ಯಾಬ್‌ಗೆ ಪ್ರಾಕ್ಟಿಕಲ್ ಹಾಕಬೇಡಿ ಎಂದು ಟೈಂಟೇಬಲ್ ಮಾಡುವವರಿಗೆ ಜೂನ್‌ನಲ್ಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳವಾಗುತ್ತದೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಒಂದು ಸಂಜೆ. ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಕೊನೆ ದಿನ. ಎರಡನೇ ಬಿಕಾಂನ ಹುಡುಗಿಯೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. ಪಾಸ್‌ವರ್ಡ್ ಮರೆತಿದ್ದಾಳೆ. ಹೊಸದಕ್ಕೆ ಓಟಿಪಿ ಬರಬೇಕು.

"ನಂಬರ್ ಯಾರದಮ್ಮ ಇದು?"

"ಸೈಬರ್ ಅಣ್ಣಂದು ಮೇಡಂ. ಹೋದ್ವರ್ಷ ಅವ್ರೇ ಹಾಕಿದ್ರು."

ಸೈಬರ್ ಅಣ್ಣ ಅರಸೀಕೆರೆ ಹತ್ತಿರ ಯಾರದೋ ಮದುವೆಗೆ ಹೋಗಿದ್ದ. ಆರೂವರೆಗೆ ಫೋನ್ ಎತ್ತಿದ. ಓಲಗದ ಸದ್ದಿನ ನಡುವೆ ಅವನು ಹುಡುಕಿ ನಂಬರ್ ಹೇಳುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿತ್ತು. ಮತ್ತೆ ಕಳಿಸಿದೆವು. ಮೂರನೇ ಸಲಕ್ಕೆ ಒಳಗೆ ಹೋದೆವು. ಅವನದೇನೂ ಕೆಟ್ಟ ಉದ್ದೇಶವಲ್ಲ, ಬೇಗ ಕೆಲಸ ಮುಗಿಯಲಿ ಅಂತ ತನ್ನ ನಂಬರ್ ಹಾಕಿದ್ದ. ಆದರೆ ಆ ಒಂದು ಪುಟ್ಟ ಅಂಗಡಿಯ ಫೋನಿನಲ್ಲಿ ನಮ್ಮ ಎಷ್ಟು ಮಕ್ಕಳ ಖಾತೆಗಳ ಬೀಗ ಇತ್ತೋ!

ಅಲ್ಲಿಂದ ನಮ್ಮ ಮೊದಲ ಸೇವೆ ಹುಟ್ಟಿತು. ಪ್ರವೇಶ ಮುಗಿದ ವಾರವೇ "ಖಾತೆ ವಾರ" ಮಾಡುತ್ತೇವೆ. ಪ್ರತಿ ಹೊಸ ವಿದ್ಯಾರ್ಥಿಯೂ ಲ್ಯಾಬ್‌ಗೆ ಬಂದು ತನ್ನದೇ ಜಿಮೇಲ್, ಡಿಜಿಲಾಕರ್, ಓದಿನ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಮಾಡಿಕೊಳ್ಳಬೇಕು. ಎಲ್ಲ ಕಡೆ ಇರುವ ಮೊಬೈಲ್ ನಂಬರ್ ತನ್ನದೋ ಮನೆಯವರದೋ ಅಂತ ನೋಡಿಕೊಳ್ಳಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೈಯಲ್ಲಿದೆಯಾ ಎಂದು ಆಗಲೇ ಪರೀಕ್ಷಿಸುತ್ತೇವೆ. ಆಧಾರ್ ಜೋಡಣೆ ಆಗದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಬಂದು ಬೀಳುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ವರ್ಷ ಕಳೆದಿರುತ್ತದೆ.

ಸಹಾಯಕ್ಕೆ ಕೊನೇ ವರ್ಷದ ಆರೇಳು ಮಕ್ಕಳನ್ನು ಆರಿಸಿಕೊಂಡೆವು. ಅವರಿಗೆ ಇರುವುದು ಒಂದೇ ನಿಯಮ: ಕೈ ಬೆನ್ನ ಹಿಂದೆ. ಪಕ್ಕದಲ್ಲಿ ನಿಂತು ಹೇಳಿಕೊಡಬೇಕು, ಕೀಬೋರ್ಡ್ ಮುಟ್ಟಬಾರದು. ಮೊದಮೊದಲು ತುಂಬಾ ನಿಧಾನ. ಅಟ್ (@) ಗುರುತು ಎಲ್ಲಿದೆ ಅಂತ ಹುಡುಕುವುದಕ್ಕೇ ಐದು ನಿಮಿಷ. ಆದರೆ ಒಮ್ಮೆ ತಾನೇ ಟೈಪ್ ಮಾಡಿದವಳು ಮುಂದಿನ ವರ್ಷ ಸೈಬರ್‌ಗೆ ನೂರೈವತ್ತು ರೂಪಾಯಿ ಕೊಡುವುದಿಲ್ಲ.

ಕಾಲೇಜಿನ ಇಮೇಲ್ ಕೊಡಬೇಕಾ?

ಕೊಡಬಹುದು. ಗೂಗಲ್ ವರ್ಕ್‌ಸ್ಪೇಸ್‌ನ ಶಿಕ್ಷಣ ಆವೃತ್ತಿಯಲ್ಲಿ ಫಂಡಮೆಂಟಲ್ಸ್ ಎನ್ನುವುದು ಕಾಲೇಜುಗಳಿಗೆ ಉಚಿತ. ಇಡೀ ಸಂಸ್ಥೆಗೆ ಸೇರಿ 100 ಟಿಬಿ ಜಾಗ ಸಿಗುತ್ತದೆ, ನಮ್ಮಂಥವರಿಗೆ ಧಾರಾಳ. ಬೇಕಾಗುವುದು ಕಾಲೇಜಿನ ಸ್ವಂತ ಡೊಮೇನ್, ಅದರ ಶುಲ್ಕವನ್ನು ಮರೆಯದೆ ಕಟ್ಟುವ ಒಬ್ಬ ಮನುಷ್ಯ.

ಎಚ್ಚರ ಇರಬೇಕಾದ್ದು ಬೇರೆ ಕಡೆ. ನಮ್ಮಲ್ಲಿ ಹಿಂದೆ ಒಬ್ಬ ಅತಿಥಿ ಉಪನ್ಯಾಸಕರು ಬಹಳ ಉತ್ಸಾಹದಿಂದ ಇದನ್ನೆಲ್ಲ ಮಾಡಿಕೊಟ್ಟಿದ್ದರು. ಅಡ್ಮಿನ್ ಖಾತೆಗೆ ಕೊಟ್ಟದ್ದು ಅವರ ಸ್ವಂತ ಫೋನ್ ನಂಬರ್. ಮುಂದಿನ ವರ್ಷದ ಪಟ್ಟಿಯಲ್ಲಿ ಅವರಿಗೆ ಬೇರೆ ಕಾಲೇಜು ಬಂತು, ನಂಬರೂ ಬದಲಾಯಿತು. ಅಲ್ಲಿಗೆ ನಮ್ಮ ಇಮೇಲ್ ವ್ಯವಸ್ಥೆ ಬಾಗಿಲು ಹಾಕಿಕೊಂಡಿತು. ಆದ್ದರಿಂದ ಅಡ್ಮಿನ್ ಅಧಿಕಾರ ಇಬ್ಬರು ಕಾಯಂ ನೌಕರರ ಹತ್ತಿರ ಇರಲಿ. ಮರುಪಡೆಯುವ ನಂಬರ್ ಕಾಲೇಜಿನದೇ ಒಂದು ಸಿಮ್ ಆಗಿರಲಿ. ಪಾಸ್‌ವರ್ಡ್‌ಗಳನ್ನು ಬರೆದ ಲಕೋಟೆ ಅಂಟು ಹಾಕಿ, ಸಹಿ ಮಾಡಿ, ಪ್ರಿನ್ಸಿಪಾಲರ ಬೀರುವಿನಲ್ಲಿ ಇರಲಿ. ಹಳೇ ಕಾಲದ ಉಪಾಯ ಅನ್ನಿಸಬಹುದು. ವರ್ಗಾವಣೆ ಆದ ದಿನ ಅದರ ಉಪಯೋಗ ತಿಳಿಯುತ್ತದೆ.

ಮಕ್ಕಳಿಗೆ ಇನ್ನೊಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಕಾಲೇಜಿನ ಇಮೇಲ್ ಅಸೈನ್‌ಮೆಂಟ್‌ಗೆ, ನೋಟ್ಸ್‌ಗೆ. ಸ್ಕಾಲರ್‌ಶಿಪ್, ಡಿಜಿಲಾಕರ್, ಬ್ಯಾಂಕು, ಕೆಲಸದ ಅರ್ಜಿ ಇವಕ್ಕೆಲ್ಲ ಸ್ವಂತ ಇಮೇಲ್. ಏಕೆಂದರೆ ಡಿಗ್ರಿ ಮುಗಿದ ಆರು ತಿಂಗಳಿಗೆ ನಾವು ಕಾಲೇಜಿನ ಖಾತೆ ತೆಗೆದುಹಾಕುತ್ತೇವೆ. ಮೊದಲ ಪಾಸ್‌ವರ್ಡ್ ಆಗಿ ಹುಟ್ಟಿದ ದಿನಾಂಕವನ್ನು ಮಾತ್ರ ಯಾರಿಗೂ ಕೊಡಬೇಡಿ. ಹುಟ್ಟುಹಬ್ಬಕ್ಕೆ ಕೇಕ್ ತಂದ ಗೆಳೆಯರಿಗೆಲ್ಲ ಅದು ಗೊತ್ತಿರುತ್ತದೆ.

ಯಂತ್ರಗಳ ವಿಷಯ

ಹೊಸ ಕಂಪ್ಯೂಟರ್‌ಗಿಂತ ಮೊದಲು ಯುಪಿಎಸ್ ಬ್ಯಾಟರಿ ನೋಡಿ, ಅದಕ್ಕಿಂತ ಮೊದಲು ಅರ್ಥಿಂಗ್ ನೋಡಿ. ನಮ್ಮ ಲ್ಯಾಬಿನಲ್ಲಿ ಬೇಸಿಗೆ ಬಂತೆಂದರೆ ಸಿಪಿಯು ಡಬ್ಬ ಮುಟ್ಟಿದವರಿಗೆ ಜುಂ ಅನ್ನುತ್ತಿತ್ತು. ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದರು. ಎಲೆಕ್ಟ್ರಿಷಿಯನ್ ಬಂದು ಕಟ್ಟಡದ ಹಿಂದೆ ಇದ್ದ ಅರ್ಥ್ ಗುಂಡಿ ತೋರಿಸಿದರು. ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಈಗ ಫೆಬ್ರವರಿಯಿಂದ ಮೇವರೆಗೆ ವಾರಕ್ಕೆರಡು ಸಲ ಆ ಗುಂಡಿಗೆ ಎರಡು ಕೊಡ ನೀರು ಹಾಕುವುದು ಅಟೆಂಡರ್ ಕೆಲಸದ ಪಟ್ಟಿಯಲ್ಲೇ ಇದೆ. ಟೆಕ್ನಾಲಜಿ ಪ್ಲಾನ್‌ನಲ್ಲಿ ನೀರಿನ ಕೊಡದ ಲೆಕ್ಕ ಇರುವ ಕಾಲೇಜು ನಮ್ಮದೇ ಇರಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇರುವ ಮೆಷಿನ್ ಕೇಳುತ್ತದೆ. ನಮ್ಮ 24ರಲ್ಲಿ 16 ಅದಕ್ಕೆ ಒಗ್ಗಲಿಲ್ಲ. ಎಸೆಯಲಿಲ್ಲ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿ, ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆವು. ಬ್ರೌಸರ್, ಲಿಬ್ರೆ ಆಫೀಸ್, ಕನ್ನಡ ಟೈಪಿಂಗ್, ಅಷ್ಟಕ್ಕೆ ಅವು ಚಿನ್ನದಂತೆ ಓಡುತ್ತವೆ. ಉಳಿದ ಎಂಟರಲ್ಲಿ ವಿಂಡೋಸ್ 11 ಇದೆ, ಅವು ಟ್ಯಾಲಿಗೆ. ಎಲ್ಲವೂ ಒಂದೇ ಥರ ಇರಲಿ ಎಂಬ ಹಟ ಬಿಟ್ಟರೆ ದುಡ್ಡು ಉಳಿಯುತ್ತದೆ.

ಕನ್ನಡ ಟೈಪಿಂಗ್ ಅಂದೆನಲ್ಲ, ಅದಕ್ಕೂ ಒಂದು ನಿಯಮ ಬೇಕು: ಯೂನಿಕೋಡ್ ಮಾತ್ರ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಓದುವ ಅಕ್ಷರ ಸಂಕೇತ. "ನುಡಿ" ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿ ಇಮೇಲ್ ಮಾಡಿದರೆ "ಕನ್ನಡ" ಎಂಬ ಪದವೇ ಆ ಕಡೆ ಇಂಗ್ಲಿಷ್ ಪಿ, ಪೌಂಡ್ ಗುರುತು, ಕ್ಯೂ ಸೇರಿದ ಕಿಚಡಿಯಾಗಿ ಕಾಣುತ್ತದೆ. ಹೋದ ವರ್ಷ ಕನ್ನಡ ಎಂಎ ಪ್ರವೇಶಕ್ಕೆ ನಮ್ಮ ಹುಡುಗನೊಬ್ಬ ಕಳಿಸಿದ ಬರಹ ಹೀಗೇ ಆಗಿ ವಾಪಸ್ ಬಂತು. ಬೆರಳಿಗೆ ಒಗ್ಗಿದ ಕೀಲಿ ವಿನ್ಯಾಸ ಬಿಡಬೇಕಿಲ್ಲ, ನುಡಿಯ ಅದೇ ಕಗಪ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಲಿನಕ್ಸ್‌ನಲ್ಲೂ.

ಇಂಟರ್ನೆಟ್ ಲೆಕ್ಕ ಸುಲಭ. 100 ಎಂಬಿಪಿಎಸ್ ಲೈನು, 25 ಮೆಷಿನ್ ಒಟ್ಟಿಗೆ ಓಡಿದರೆ ತಲೆಗೆ 4. ಅರ್ಜಿ ತುಂಬಲು ಸಾಕು. ಅದೇ ಲೈನನ್ನು ನಾನೂರು ಫೋನಿಗೆ ವೈಫೈ ಮಾಡಿ ಬಿಟ್ಟರೆ ಅರ್ಜಿಯೂ ಇಲ್ಲ, ರೀಲ್ಸೂ ಇಲ್ಲ. ನಾವು ವೈಫೈ ಕೊಟ್ಟಿರುವುದು ಲೈಬ್ರರಿಯಲ್ಲಿ ಮಾತ್ರ, ರಿಜಿಸ್ಟರ್ ನಂಬರ್ ಹಾಕಿ ಒಳಗೆ ಬರಬೇಕು. ರೂಟರ್‌ನಲ್ಲಿ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದು ಎಲ್ಲಿದೆ ಎಂದು ಹುಡುಕಿಕೊಡುವ ಸರ್ವರ್) ವಿಳಾಸವಾಗಿ ಕ್ಲೌಡ್‌ಫ್ಲೇರ್‌ನ 1.1.1.3 ಹಾಕಿ. ಅಶ್ಲೀಲ ತಾಣಗಳು, ವೈರಸ್ ತಾಣಗಳು ಬಹುಪಾಲು ಅಲ್ಲೇ ನಿಲ್ಲುತ್ತವೆ, ಕಾಸು ಖರ್ಚಿಲ್ಲ. ಲೈಬ್ರರಿಯನ್ ಜೊತೆ ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್, ಪುಸ್ತಕ ಒದಗಿಸುವ ಯೋಜನೆ) ವಿಷಯವನ್ನೂ ಮಾತಾಡಿ. ಕಾಲೇಜು ಚಂದಾ ಕಟ್ಟಿದರೆ ಪ್ರತಿ ವಿದ್ಯಾರ್ಥಿಗೂ ಸ್ವಂತ ಲಾಗಿನ್ ಮಾಡಿಸಬಹುದು, ಸಾವಿರಾರು ಜರ್ನಲ್‌ಗಳು ಸಿಗುತ್ತವೆ. ನಮ್ಮಲ್ಲಿ ದುಡ್ಡು ಕಟ್ಟಿ ಮಕ್ಕಳಿಗೆ ಲಾಗಿನ್ ಮಾಡಿಸುವುದನ್ನೇ ಮರೆತಿದ್ದರು.

ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇದ್ದರೂ ಒಂದು ವಿಂಡೋಸ್ ಮೆಷಿನ್‌ಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಹಾಕಿ, ಒಂದು ಹೆಡ್‌ಫೋನ್ ಇಡಿ. ಉಚಿತ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ಧ್ವನಿ ಸ್ವಲ್ಪ ರೋಬೋಟ್ ಥರ. ನಮ್ಮ ಹುಡುಗ ಅದಕ್ಕೆ "ಅಜ್ಜ" ಅಂತ ಹೆಸರಿಟ್ಟಿದ್ದಾನೆ.

ನಿಯಮಗಳು, ಒಂದೇ ಹಾಳೆಯಲ್ಲಿ

ಯಾವುದೋ ವಿಶ್ವವಿದ್ಯಾಲಯದ ನಲವತ್ತು ಪುಟದ ಇಂಗ್ಲಿಷ್ ಪಾಲಿಸಿ ಇಳಿಸಿಕೊಂಡು ಹೆಸರು ಬದಲಾಯಿಸಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲಿಗೆ ಸೇರಿಸುವುದು ಸುಲಭ. ನಾನೂ ಅದನ್ನೇ ಮಾಡಹೊರಟಿದ್ದೆ. ಮಕ್ಕಳು ಓದುವುದು ಒಂದು ಹಾಳೆ, ಅದೂ ಕನ್ನಡದಲ್ಲಿ ಇದ್ದರೆ. ಕರಡು ಬರೆದ ಮೇಲೆ ಪ್ರತಿ ಕ್ಲಾಸಿನಿಂದ ಇಬ್ಬರನ್ನು ಕರೆದು ಗಟ್ಟಿಯಾಗಿ ಓದಿಸಿ.

ನಮ್ಮ ಕರಡಿನಲ್ಲಿ "ತರಗತಿಯಲ್ಲಿ ಬಳಸಿದ ಫೋನನ್ನು ಒಂದು ವಾರ ಜಪ್ತಿ ಮಾಡಲಾಗುವುದು" ಅಂತ ಇತ್ತು. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಮೇಡಂ, ಅದು ನಮ್ಮಪ್ಪಂದು. ಡೈರಿ ದುಡ್ಡು ಬಂದಿದ್ದು ಅದ್ರಲ್ಲೇ ನೋಡ್ಬೇಕು. ವಾರ ಇಟ್ಕೊಂಡ್ರೆ ನನ್ನ ಕಾಲೇಜೇ ಬಿಡಿಸ್ತಾರೆ." ಆ ಸಾಲು ಹೊಡೆದುಹಾಕಿ "ಅವತ್ತು ಸಂಜೆಯೇ ವಾಪಸ್" ಎಂದು ಬರೆದೆವು.

ವಾಟ್ಸ್ಯಾಪ್ ಬಗ್ಗೆ ಎರಡು ಸಾಲು ಇರಲೇಬೇಕು. ಕ್ಲಾಸ್ ಗ್ರೂಪ್ ಮಾಡಿದ ದಿನವೇ ಹೆಣ್ಣುಮಕ್ಕಳ ನಂಬರ್ ಯಾರ್‍ಯಾರದೋ ಕೈಗೆ ಹೋಗುತ್ತದೆ, ರಾತ್ರಿ ಹತ್ತಕ್ಕೆ "ಹಾಯ್" ಬರುತ್ತದೆ. ಗ್ರೂಪ್ ಬದಲು ಕಮ್ಯುನಿಟಿ ಮಾಡಿ ಅದರ ಅನೌನ್ಸ್‌ಮೆಂಟ್ ಗುಂಪು ಬಳಸಿ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ಫೋನ್ ಇಲ್ಲದವರಿಗೋಸ್ಕರ ಅದೇ ಸೂಚನೆ ನೋಟಿಸ್ ಬೋರ್ಡಿಗೂ ಬರಬೇಕು. ಬೋರ್ಡಿಗೆ ಬಾರದ ಸೂಚನೆ ಲೆಕ್ಕಕ್ಕಿಲ್ಲ ಎನ್ನುವುದು ನಮ್ಮ ಹಾಳೆಯ ಮೂರನೇ ಸಾಲು.

ಇನ್ನು ಮಕ್ಕಳ ಮಾಹಿತಿ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಕೊಂಡೆ. ಪೊಟ್ಟಣ ಬಿಚ್ಚಿದರೆ ಹುಡುಗಿಯೊಬ್ಬಳ ಫೋಟೊ, ಆಧಾರ್ ನಂಬರ್, ಜಾತಿ, ಅಪ್ಪನ ಆದಾಯ. ನಮ್ಮ ಕಾಲೇಜಿನದೇ ಹಳೇ ಅರ್ಜಿ, ರದ್ದಿಗೆ ಹೋಗಿದ್ದು. ಕಡ್ಲೆಕಾಯಿ ಗಂಟಲಲ್ಲಿ ಇಳಿಯಲಿಲ್ಲ. ಈಗ ಆಧಾರ್ ಜೆರಾಕ್ಸ್ ಕೇಳುವುದನ್ನೇ ಆದಷ್ಟು ನಿಲ್ಲಿಸಿದ್ದೇವೆ, ತೆಗೆದುಕೊಂಡದ್ದನ್ನು ಹರಿದೇ ಹೊರಗೆ ಹಾಕುತ್ತೇವೆ. ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಹೆಸರು, ರಿಜಿಸ್ಟರ್ ನಂಬರ್ ಬಿಟ್ಟು ಬೇರೇನೂ ಇಲ್ಲ. ಮಕ್ಕಳ ಪಟ್ಟಿಯ ಪಿಡಿಎಫ್ ಗ್ರೂಪಿಗೆ ಹಾಕುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಮೊದಲ ವರ್ಷಕ್ಕೆ ಸೇರುವವರಲ್ಲಿ ಎಷ್ಟೋ ಜನಕ್ಕೆ 17. ಅಪ್ಪ-ಅಮ್ಮನ ಒಪ್ಪಿಗೆಯ ಸಹಿಯನ್ನು ಪ್ರವೇಶದ ದಿನವೇ ತೆಗೆದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.

ಸ್ಕಾಲರ್‌ಶಿಪ್ ಹೆಸರಿನಲ್ಲಿ ಮೋಸದ ಲಿಂಕ್ ಬರುವುದು ಮಾಮೂಲು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಲ್ಯಾಬ್ ಬಾಗಿಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೇವೆ.

ಎಐ ಬಗ್ಗೆ ಸ್ಟಾಫ್‌ರೂಮಿನಲ್ಲಿ ಬಹಳ ಚರ್ಚೆ ಆಯಿತು. ಪೂರ್ತಿ ನಿಷೇಧ ಎಂದರು ಕೆಲವರು. ಅಷ್ಟರಲ್ಲಿ ಜಿಎಸ್‌ಟಿ ಬಗ್ಗೆ ನಾನು ಕೊಟ್ಟ ಅಸೈನ್‌ಮೆಂಟ್‌ಗಳು ಬಂದವು. ಐದು ಜನ ಮುದ್ದಾಗಿ ಕೈಬರಹದಲ್ಲಿ ಬರೆದಿದ್ದರು. ಐದರದ್ದೂ ಮೊದಲ ಸಾಲು: "ಖಂಡಿತ, ನಿಮ್ಮ ಪ್ರಬಂಧ ಇಲ್ಲಿದೆ." ಕೈಯಲ್ಲಿ ಬರೆಸಿದರೆ ಕಾಪಿ ನಿಲ್ಲುತ್ತದೆ ಎಂದುಕೊಂಡಿದ್ದ ನನಗೆ ನಗು ತಡೆಯಲಿಲ್ಲ. ನಿಷೇಧ ಹಾಕಿ ಹಿಡಿಯುವುದು ನಮ್ಮಿಂದ ಆಗದ ಕೆಲಸ. ಹಾಗಾಗಿ ನಿಯಮ ಹೀಗೆ ಮಾಡಿದೆವು: ಬಳಸಿದರೆ ಕೊನೆಯಲ್ಲಿ ಒಂದು ಸಾಲು ಬರೆದು ಹೇಳಬೇಕು. ಹೇಳಲಿ ಬಿಡಲಿ, ಬರೆದುಕೊಟ್ಟದ್ದರ ಮೇಲೆ ಮೂರು ಪ್ರಶ್ನೆ ಬಾಯಲ್ಲಿ ಕೇಳುತ್ತೇವೆ. ಅಂಕದಲ್ಲಿ ಅರ್ಧ ಆ ಉತ್ತರಕ್ಕೆ. ಹೆಸರು, ಆಧಾರ್, ಅಂಕಪಟ್ಟಿ ಇವನ್ನು ಎಐಗೆ ಹಾಕುವಂತಿಲ್ಲ. ಇದು ಮೇಷ್ಟ್ರುಗಳಿಗೂ ಅನ್ವಯ.

ಹಾಳೆ ಸಿದ್ಧವಾದ ಮೇಲೆ ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಇಟ್ಟು ನಡಾವಳಿಗೆ ಸೇರಿಸಿ. ಇಲ್ಲದಿದ್ದರೆ ಪ್ರಿನ್ಸಿಪಾಲರು ಬದಲಾದ ದಿನ ನಿಯಮವೂ ಹೋಗುತ್ತದೆ. ದುಡ್ಡು ಕೇಳುವುದೂ ಅದೇ ಸಭೆಯಲ್ಲಿ. ಒಮ್ಮೆ ಮಾತ್ರ ಬರುವ ಖರ್ಚು ಒಂದು ಕಡೆ, ಪ್ರತಿ ವರ್ಷ ಬರುವುದು ಇನ್ನೊಂದು ಕಡೆ ಬರೆದುಕೊಂಡು ಹೋಗಿ. ಇಂಟರ್ನೆಟ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಟೋನರ್, ಡೊಮೇನ್, ಜೊತೆಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಬರುವ ಬ್ಯಾಟರಿಗೆ ವರ್ಷಕ್ಕೆ ಇಷ್ಟು ಅಂತ. ಕೊಡುಗೆಯಾಗಿ ಕಂಪ್ಯೂಟರ್ ಕೊಡುವವರು ಸಿಗುತ್ತಾರೆ. ಬ್ಯಾಟರಿ ಕೊಡುವವರು ನನಗಂತೂ ಇವತ್ತಿನವರೆಗೆ ಸಿಕ್ಕಿಲ್ಲ.

ಕಂಪ್ಲೇಂಟ್‌ಗೆ ಆ್ಯಪ್ ಮಾಡಲು ಹೋಗಬೇಡಿ. ನಮ್ಮ ಲ್ಯಾಬ್ ಬಾಗಿಲಿಗೆ ನೂರು ಪುಟದ ಒಂದು ನೋಟ್‌ಬುಕ್ ದಾರ ಕಟ್ಟಿ ನೇತುಹಾಕಿದ್ದೇವೆ, ಪೆನ್ನಿಗೂ ದಾರ. ದಿನಾಂಕ, ಮೆಷಿನ್ ನಂಬರ್, ಏನಾಗಿದೆ, ಯಾವತ್ತು ಸರಿ ಹೋಯಿತು, ನಾಲ್ಕೇ ಕಾಲಂ. ಶನಿವಾರ ನಾನು ಓದುತ್ತೇನೆ, ಕೊನೇ ಕಾಲಂ ತುಂಬುತ್ತೇನೆ. ಮೊದಲ ಪುಟದ ಮೊದಲ ದೂರು: "12ನೇ ಮೆಷಿನ್ ಸ್ಪೇಸ್ ಬಾರ್ ಒತ್ತಿದ್ರೆ ಒಳಗೇ ಹೋಗುತ್ತೆ, ಕೀಳಕ್ಕೆ ಪಿನ್ ಬೇಕು." ಕೆಳಗೆ ಬೇರೆ ಕೈಬರಹದಲ್ಲಿ: "ಪಿನ್ ಮಾನಿಟರ್ ಹಿಂದೆ ಇಟ್ಟಿದೀನಿ."